ಅನೈಸೋಗಮಿ ಅಂದರೇನು? ಆ ‘ಅಸಮ’ ಯಾವುದರ ಅಸಮ?

ಪ್ರಶ್ನೆ: ನನ್ನ ಮಗಳು ಶಹಾಪುರದಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದಾಳೆ. ಜೀವಶಾಸ್ತ್ರದ ಪುಸ್ತಕದಲ್ಲಿ ‘ಅನೈಸೋಗಮಿ’ ಎಂಬ ಪದ ಬಂದಿದೆ. ಒಂದೆರಡು ಸಾಲು ಬಿಟ್ಟರೆ ಅದರ ಬಗ್ಗೆ ಅಲ್ಲಿ ಹೆಚ್ಚೇನೂ ಇಲ್ಲ. ಈ ಪದ ಎಲ್ಲಿಂದ ಬಂತು? ಲಿಂಗಾಣುಗಳು ಸಮ ಇರದೇ ಇರುವುದಕ್ಕೆ ಕಾರಣ ಏನು? ಮನೆಯಲ್ಲಿ ಇದರ ಮಾತು ಬಂದಾಗ ಹಿರಿಯರೊಬ್ಬರು, “ಗಂಡು ಹೆಣ್ಣು ಸಮ ಅಲ್ಲ ಅಂತ ವಿಜ್ಞಾನವೇ ಹೇಳುತ್ತೆ ನೋಡು” ಅಂದರು. ಮಗಳು ಬೇಜಾರು ಮಾಡಿಕೊಂಡಿದ್ದಾಳೆ. ಇದಕ್ಕೂ ಉತ್ತರ ಕೊಡಿ.
— ಒಬ್ಬ ತಾಯಿ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಒಂದೇ ಮಾತಿನ ಉತ್ತರ ಕೊಡುತ್ತೇನೆ. ವಿಜ್ಞಾನ ಹಾಗೆ ಹೇಳುವುದಿಲ್ಲ. ಅನೈಸೋಗಮಿ ಎನ್ನುವ ಪದ ಎರಡು ಜೀವಕೋಶಗಳ ಗಾತ್ರದ ಬಗ್ಗೆ ಮಾತ್ರ ಮಾತಾಡುತ್ತದೆ. ಏಕೆ ಹೀಗೆ ಎಂದು ಪೂರ್ತಿ ತಿಳಿಯಬೇಕಾದರೆ ಪದದ ಹುಟ್ಟಿನಿಂದಲೇ ಶುರು ಮಾಡಬೇಕು.

ಇದು ಗ್ರೀಕ್ ಮೂಲದ ಪದ. ‘ಅನ್’ ಅಂದರೆ ಅಲ್ಲ. ‘ಐಸೋಸ್’ ಅಂದರೆ ಸಮ. ‘ಗಾಮೋಸ್’ ಅಂದರೆ ಮದುವೆ, ಕೂಡುವಿಕೆ. ಮೂರೂ ಸೇರಿದರೆ ‘ಸಮವಲ್ಲದವುಗಳ ಕೂಡುವಿಕೆ’. ಇಲ್ಲಿ ಕೂಡುವುದು ಎರಡು ಲಿಂಗಾಣುಗಳು, ಅಂದರೆ ಸಂತಾನಕ್ಕಾಗಿ ಕೂಡುವ ಕೋಶಗಳಾದ ಗ್ಯಾಮೀಟುಗಳು. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಅವು ಸೇರಿ ಯುಗ್ಮಜ, ಅಂದರೆ ಹೊಸ ಜೀವದ ಮೊದಲ ಕೋಶ, ಆಗುತ್ತದೆ. ನಿಮ್ಮ ಮಗಳಿಗೆ ನೆನಪಿಡಲು ಒಂದು ಸುಲಭದ ದಾರಿ ಇದೆ. ಗ್ರೀಕಿನ ಈ ‘ಅನ್’ ಮತ್ತು ನಮ್ಮ ಅನಂತ, ಅನರ್ಹ ಪದಗಳಲ್ಲಿರುವ ‘ಅನ್’ ಒಂದೇ ಮೂಲದವು. ಮುಂದೆ ಸ್ವರ ಬಂದರೆ ‘ಅನ್’, ವ್ಯಂಜನ ಬಂದರೆ ‘ಅ’. ಎರಡೂ ಭಾಷೆಗಳಲ್ಲಿ ಇದೇ ನಿಯಮ. ‘ಅಸಮ’ ಗೊತ್ತಿದ್ದವರಿಗೆ ಅನೈಸೋಗಮಿ ಅಪರಿಚಿತ ಪದವೇನಲ್ಲ.

ಪದ ಹುಟ್ಟಿದ ಕ್ರಮದಲ್ಲಿ ಒಂದು ಸೊಗಸಿದೆ. ‘ಸಮ’ ಎಂಬುದು ಮೊದಲು ಗೊತ್ತಾಗಿ, ಆಮೇಲೆ ‘ಅಸಮ’ ಬಂದಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ನಡೆದದ್ದು ಉಲ್ಟಾ. ಡಚ್ಚರ ಲೇವನ್‌ಹುಕ್ 1677ರಲ್ಲಿ ತಾನೇ ಉಜ್ಜಿ ತಯಾರಿಸಿದ ಮಸೂರದಲ್ಲಿ ವೀರ್ಯಾಣುಗಳನ್ನು ನೋಡಿದ್ದ. ಸಸ್ತನಿಗಳ ಅಂಡಾಣು ಕಣ್ಣಿಗೆ ಬೀಳಲು ಮತ್ತೆ 150 ವರ್ಷ ಬೇಕಾಯಿತು. 1827ರಲ್ಲಿ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಅದನ್ನು ನಾಯಿಯ ಅಂಡಾಶಯದಲ್ಲಿ ಕಂಡ. ಹೀಗೆ ಶುರುವಿನಿಂದಲೂ ವಿಜ್ಞಾನಿಗಳ ಕಣ್ಣ ಮುಂದಿದ್ದದ್ದು ಅಸಮ ಜೋಡಿಯೇ. ಒಂದು ದೊಡ್ಡದು, ನಿಂತಲ್ಲೇ ಇರುವುದು. ಇನ್ನೊಂದು ಪುಟ್ಟದು, ಈಜಾಡುವುದು. ಸಾಮಾನ್ಯವಾಗಿ ಹೀಗೇ ಅಂತ ತಿಳಿದಿದ್ದರು. ಹಾಗಾಗಿ ಅದಕ್ಕೆ ಬೇರೆ ಹೆಸರೇ ಬೇಕಿರಲಿಲ್ಲ.

1869ರಲ್ಲಿ ಜರ್ಮನಿಯ ಪ್ರಿಂಗ್ಸ್‌ಹೈಮ್ ಪಂಡೋರಿನಾ ಎಂಬ ಹಸಿರು ಪಾಚಿಯನ್ನು ನೋಡುತ್ತಿದ್ದ. ಈಜುವ ಎರಡು ಕೋಶಗಳು ಬಂದು ಕೂಡಿದವು. ಎರಡೂ ಹೆಚ್ಚುಕಡಿಮೆ ಒಂದೇ ಥರ! ಯಾವುದು ಗಂಡು, ಯಾವುದು ಹೆಣ್ಣು? ಹೇಳುವುದಕ್ಕೇ ಆಗುವುದಿಲ್ಲ. ಈಗ ವೀರ್ಯಾಣು, ಅಂಡಾಣು ಎಂಬ ಹಳೆಯ ಪದಗಳು ಸಾಲದೆ ಹೋದವು. ಎರಡಕ್ಕೂ ಒಪ್ಪುವ ಒಂದು ಪದ ಬೇಕಾಯಿತು. 1870ರ ದಶಕದಲ್ಲಿ ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ ‘ಗ್ಯಾಮೀಟ್’ ಪದವನ್ನು ಬಳಕೆಗೆ ತಂದ. ಅದರ ಬೇರೂ ಅದೇ ಗಾಮೋಸ್. ಒಂದೇ ಥರದವು ಕೂಡಿದರೆ ಐಸೋಗಮಿ ಎಂದಾಯಿತು. ಆಗ ಉಳಿದವಕ್ಕೂ ಹೆಸರು ಬೇಕಲ್ಲ? ಅನೈಸೋಗಮಿ ಎಂಬ ಪದ ಅಚ್ಚಿನಲ್ಲಿ ಕಾಣಸಿಗುವುದು 1891ರಿಂದ. ಸಮ ಇರುವುದೂ ಉಂಟು ಎಂದು ಗೊತ್ತಾದ ಮೇಲೆ ‘ಅಸಮ’ಕ್ಕೆ ಹೆಸರು ಸಿಕ್ಕಿತು.

ಪುಸ್ತಕದಲ್ಲಿ ಬರುವ ಇನ್ನೆರಡು ಪದಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಲಿಂಗಾಣುವಿಗೆ ಮ್ಯಾಕ್ರೋಗ್ಯಾಮೀಟ್, ಚಿಕ್ಕದಕ್ಕೆ ಮೈಕ್ರೋಗ್ಯಾಮೀಟ್ ಎನ್ನುತ್ತಾರೆ. ಇವುಗಳಿಗೂ ನಮ್ಮ ಭಾಗಕ್ಕೂ ಒಂದು ನಂಟಿದೆ. ಮಲೇರಿಯಾ ಪರೋಪಜೀವಿ ನಮ್ಮ ರಕ್ತದಲ್ಲಿ ಇರುವಾಗ ಲಿಂಗಾಣುಗಳನ್ನು ಮಾಡುವುದಿಲ್ಲ, ಅದರ ತಯಾರಿ ಮಾತ್ರ ಮಾಡಿಕೊಂಡಿರುತ್ತದೆ. ಸೊಳ್ಳೆ ರಕ್ತ ಹೀರಿದ ಮೇಲೆ, ಅದರ ಹೊಟ್ಟೆಯೊಳಗೆ ಕೆಲಸ ಶುರುವಾಗುತ್ತದೆ. ಹೆಣ್ಣು ಕೋಶದಿಂದ ಒಂದೇ ಒಂದು ದೊಡ್ಡ ಲಿಂಗಾಣು. ಗಂಡು ಕೋಶದಿಂದ ಕಾಲು ಗಂಟೆಯೊಳಗೆ ಎಂಟರವರೆಗೆ ಸಣ್ಣ, ದಾರದಂಥ ಲಿಂಗಾಣುಗಳು. 1880ರಲ್ಲಿ ಫ್ರಾನ್ಸಿನ ವೈದ್ಯ ಲಾವೆರಾನ್ ಈ ದಾರಗಳು ಚಡಪಡಿಸುವುದನ್ನು ನೋಡಿದ್ದ. ಅವು ಗಂಡು ಲಿಂಗಾಣುಗಳು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1897ರಲ್ಲಿ ಮೆಕ್ಯಾಲಮ್ ಎಂಬ ವೈದ್ಯಕೀಯ ವಿದ್ಯಾರ್ಥಿ ಕಾಗೆಯ ರಕ್ತದಲ್ಲಿದ್ದ ಇದೇ ಥರದ ಪರೋಪಜೀವಿಯಲ್ಲಿ ಆ ದಾರವೊಂದು ದೊಡ್ಡ ಕೋಶದೊಳಗೆ ನುಗ್ಗಿ ಸೇರುವುದನ್ನು ಕಣ್ಣಾರೆ ಕಂಡ. ಅದೇ ವರ್ಷ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಗುಳ್ಳೆಗಳನ್ನು ಕಂಡ. ಆ ಗುಳ್ಳೆಗಳು ಇಂಥ ಅಸಮ ಜೋಡಿ ಕೂಡಿದ ಮೇಲೆ ಬೆಳೆಯುವಂಥವು. ಆಗ ಸಿಕಂದರಾಬಾದಿನ ಸುತ್ತಲಿನ ನಾಡು, ನಮ್ಮ ಕಲಬುರಗಿ, ಬೀದರ್ ಎಲ್ಲ ಒಂದೇ ಹೈದರಾಬಾದ್ ಸಂಸ್ಥಾನ. ನಮ್ಮ ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳಬೇಕು ಅಂತ ನನ್ನ ಆಸೆ.

ಈಗ ವಿಧಗಳಿಗೆ ಬರೋಣ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಪಾಚಿಗಳ ಭಾಗದಲ್ಲಿ ಮೂರು ವಿಧ ಕೊಟ್ಟಿದ್ದಾರೆ. ಲಿಂಗಾಣುಗಳು ಒಂದೇ ಗಾತ್ರದವಾದರೆ ಐಸೋಗಮಿ. ಯೂಲೋಥ್ರಿಕ್ಸ್ ಅದಕ್ಕೆ ಉದಾಹರಣೆ. ಗಾತ್ರ ಬೇರೆ ಬೇರೆ ಆದರೆ ಅನೈಸೋಗಮಿ, ಯೂಡೋರಿನಾದ ಕೆಲವು ಪ್ರಭೇದಗಳಲ್ಲಿ ಇರುವಂತೆ. ದೊಡ್ಡದು ಕದಲದೆ ನಿಂತು, ಚಿಕ್ಕದು ಈಜಿ ಬಂದರೆ ಊಗಮಿ. ಇದಕ್ಕೆ ವಾಲ್ವಾಕ್ಸ್, ಫ್ಯೂಕಸ್ ಉದಾಹರಣೆ. ಈ ಮೂರನ್ನು ಮೂರು ಬೇರೆ ಡಬ್ಬಿಗಳು ಅಂತ ತಿಳಿಯಬಾರದು. ಊಗಮಿ ಅಂದರೆ ಅನೈಸೋಗಮಿಯ ಕೊನೆಯ ಮಟ್ಟ. ಅಷ್ಟೇ. ಮನುಷ್ಯ, ಎಮ್ಮೆ, ಕೋಳಿ, ತೊಗರಿ ಗಿಡ ಎಲ್ಲ ಆ ಕೊನೆಯ ಮಟ್ಟದವೇ.

ಪಾಠದಲ್ಲಿ ಸ್ಪೈರೋಗೈರಾ ಹೆಸರೂ ಬರುತ್ತದೆ. ಇದನ್ನು ನೀವು ನೋಡಿರುತ್ತೀರಿ. ಕೆರೆ, ಬಾವಿ, ನಿಂತ ಕಾಲುವೆಯಲ್ಲಿ ತೇಲುವ ನುಣುಪಾದ ಹಸಿರು ಎಳೆಗಳು, ಕೈಗೆ ಜಾರುತ್ತವೆ. ಅದರ ಎರಡು ಎಳೆಗಳು ಅಕ್ಕಪಕ್ಕ ಬಂದು, ನಡುವೆ ಸಣ್ಣ ಕೊಳವೆ ಮೂಡುತ್ತದೆ. ಒಂದರ ಕೋಶದೊಳಗಿನದೆಲ್ಲ ಹರಿದು ಇನ್ನೊಂದರ ಕೋಶಕ್ಕೆ ಸೇರುತ್ತದೆ. ಎರಡರ ಗಾತ್ರವೂ ಒಂದೇ. ಆದರೆ ಒಂದು ಹೋಗುತ್ತದೆ, ಇನ್ನೊಂದು ನಿಲ್ಲುತ್ತದೆ. ಆಕಾರ ನೋಡಿದರೆ ಐಸೋಗಮಿ, ನಡೆ ನೋಡಿದರೆ ಅಸಮ. ಪುಸ್ತಕ ಇದನ್ನು ಸಮದ ಗುಂಪಿನಲ್ಲಿ ಇಟ್ಟಿದೆ, ಪರೀಕ್ಷೆಯಲ್ಲಿ ಹಾಗೇ ಬರೆಯಲಿ. ಆದರೆ ಪ್ರಕೃತಿಯಲ್ಲಿ ಸಮದಿಂದ ಅಸಮಕ್ಕೆ ಮೆಟ್ಟಿಲುಗಳಿವೆ, ಒಂದೇ ನೆಗೆತ ಇಲ್ಲ ಅನ್ನುವುದನ್ನು ನಿಮ್ಮ ಮಗಳು ಇಲ್ಲಿಂದಲೇ ಕಲಿಯಬಹುದು.

ಆ ಮೆಟ್ಟಿಲುಗಳು ಒಂದೇ ಬಳಗದಲ್ಲಿ ಸಾಲಾಗಿ ಸಿಗುತ್ತವೆ. ಕ್ಲಾಮಿಡೊಮೊನಾಸ್ ಒಂದೇ ಕೋಶದ ಪಾಚಿ. ಅದರ ಲಿಂಗಾಣುಗಳು ಸಮ. ಗಂಡು ಹೆಣ್ಣು ಎನ್ನದೆ ಅವನ್ನು ಪ್ಲಸ್, ಮೈನಸ್ ಅನ್ನುತ್ತಾರೆ. ಅದರ ಬಂಧು ಗೋನಿಯಂನಲ್ಲಿ ಕೆಲವೇ ಕೋಶಗಳು ಕೂಡಿ ಬದುಕುತ್ತವೆ, ಅಲ್ಲೂ ಸಮ. ಯೂಡೋರಿನಾಕ್ಕೆ ಬಂದರೆ 32 ಕೋಶಗಳ ಗುಂಪು, ಅಲ್ಲಿ ಅಸಮ ಶುರು. ವಾಲ್ವಾಕ್ಸ್‌ನಲ್ಲಿ ನೂರಾರು, ಸಾವಿರಾರು ಕೋಶಗಳು, ಅಲ್ಲಿ ಪೂರ್ತಿ ಅಂಡಾಣು ಮತ್ತು ವೀರ್ಯಾಣು. ಒಟ್ಟಿನಲ್ಲಿ ದೇಹ ದೊಡ್ಡದಾದಂತೆ ಅಸಮ ಜಾಸ್ತಿ ಆಗಿದೆ. ಕ್ಲಾಮಿಡೊಮೊನಾಸ್‌ನ ‘ಮೈನಸ್’ ಬಗೆಯಲ್ಲಿ ಎಂಐಡಿ ಎಂಬ ಒಂದು ಜೀನ್ ಇದೆ. 2006ರಲ್ಲಿ ಜಪಾನಿನ ನೊಜಾಕಿ ಮತ್ತು ಸಂಗಡಿಗರು ಅದೇ ಜೀನಿನ ರೂಪವೊಂದನ್ನು ಪ್ಲಿಯೋಡೋರಿನಾ ಎಂಬ ಅಸಮ ಪಾಚಿಯ ಗಂಡುಗಳಲ್ಲಿ ಮಾತ್ರ ಕಂಡರು. ಅದಕ್ಕೆ ‘ಒಟೊಕೊಗಿ’ ಎಂದು ಹೆಸರಿಟ್ಟರು, ಜಪಾನಿ ಭಾಷೆಯಲ್ಲಿ ಗಂಡಸುತನ ಅಂತ ಅರ್ಥ. ಗಂಡು ಹೆಣ್ಣು ಎಂಬ ಭೇದವೇ ಇಲ್ಲದ ಕಾಲದ ‘ಮೈನಸ್’ ಮುಂದೆ ಗಂಡಾಯಿತು ಎಂಬುದಕ್ಕೆ ಸಿಕ್ಕ ಸಾಕ್ಷಿ ಅದು. ನನ್ನ ಲೆಕ್ಕದಲ್ಲಿ ಈ ವಿಷಯದ ಅತ್ಯಂತ ಚೆಂದದ ಶೋಧ ಇದೇ.

ಅಸಮ ಅಂದರೆ ಎಷ್ಟು ಅಸಮ? ಮನುಷ್ಯರ ಅಂಡಾಣುವಿನ ಅಗಲ ಸುಮಾರು 0.1 ಮಿಲಿಮೀಟರ್. ಕಣ್ಣು ಚುರುಕಿದ್ದರೆ ಬರಿಗಣ್ಣಿಗೆ ಒಂದು ಚುಕ್ಕಿಯಾಗಿ ಕಾಣುವಷ್ಟು. ವೀರ್ಯಾಣುವಿನ ತಲೆ ಅದರ ಇಪ್ಪತ್ತನೇ ಒಂದು ಭಾಗ, ಸುಮಾರು 0.005 ಮಿಲಿಮೀಟರ್. ಎಣಿಕೆಯಲ್ಲಿ ಇದು ತಿರುಗಾಮುರುಗಾ. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ ಅಂಡಕೋಶಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಅವುಗಳಲ್ಲಿ ಬಲಿತು ಹೊರಬರುವುದು ಜೀವಮಾನದಲ್ಲಿ 400-500 ಮಾತ್ರ. ಗಂಡಿನ ದೇಹ ದಿನವೊಂದಕ್ಕೇ ಕೋಟಿಗಟ್ಟಲೆ ವೀರ್ಯಾಣು ಮಾಡುತ್ತದೆ.

ನಮ್ಮ ಕಡೆ ದನ ಸಾಕುವವರಿಗೆ ಇದು ಪ್ರತಿದಿನದ ಅನುಭವ. ಬೀದರ್ ಜಿಲ್ಲೆಯ ದೇವಣಿ ಹಸುವನ್ನೇ ತೆಗೆದುಕೊಳ್ಳಿ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಆಗ ಬಿಡುಗಡೆ ಆಗುವುದು ಸಾಮಾನ್ಯವಾಗಿ ಒಂದು ಅಂಡಾಣು. ಕೃತಕ ಗರ್ಭಧಾರಣೆಗೆ ಡಾಕ್ಟರು ತರುವ ಕಡ್ಡಿ, ಅಂದರೆ ಸ್ಟ್ರಾ, ಇರುವುದು ಕಾಲು ಮಿಲಿಲೀಟರ್. ಅಷ್ಟರಲ್ಲಿ ತುಂಬುವುದು ಸುಮಾರು 2 ಕೋಟಿ ವೀರ್ಯಾಣು. ಒಂದು ಹೋರಿಯ ಒಂದು ಸಲದ ವೀರ್ಯದಿಂದ ಇಂಥ ನೂರಾರು ಕಡ್ಡಿ ಆಗುತ್ತವೆ. ಅವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದು. ಒಳ್ಳೆ ಹೋರಿಯೊಂದರ ಸಂತಾನ ಊರೂರಿಗೆ ಹಬ್ಬುತ್ತದೆ, ಒಳ್ಳೆ ಹಸುವಿನದು ಅಷ್ಟು ಸುಲಭವಾಗಿ ಹಬ್ಬುವುದಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಅನೈಸೋಗಮಿ.

ಕೋಳಿಮೊಟ್ಟೆಯ ವಿಷಯಕ್ಕೆ ಜನ ತಪ್ಪು ತಿಳಿಯುತ್ತಾರೆ. ಇಡೀ ಮೊಟ್ಟೆ ಒಂದು ಕೋಶ ಅಲ್ಲ. ಒಳಗಿನ ಹಳದಿ ಭಾಗ ಮಾತ್ರ ಅಂಡಾಣು. ಬಿಳಿ ಭಾಗ, ಚಿಪ್ಪು ಎಲ್ಲ ಆಮೇಲೆ ಅಂಡನಾಳದಲ್ಲಿ ಸುತ್ತಿಕೊಂಡದ್ದು. ಗಂಡು ಲಿಂಗಾಣು ಯಾವಾಗಲೂ ಮೋಟು ಎಂದೂ ತಿಳಿಯಬೇಡಿ. ಡ್ರೊಸೊಫಿಲಾ ಬೈಫರ್ಕಾ ಎಂಬ ಹಣ್ಣುನೊಣದ ಉದ್ದ ಸುಮಾರು 3 ಮಿಲಿಮೀಟರ್. ಅದರ ವೀರ್ಯಾಣುವನ್ನು ಬಿಡಿಸಿ ಚಾಚಿದರೆ ಸುಮಾರು 58 ಮಿಲಿಮೀಟರ್, ಅಂದರೆ ನೊಣದ ಮೈಗಿಂತ ಇಪ್ಪತ್ತು ಪಟ್ಟು ಹತ್ತಿರ! ಆದರೂ ಅದು ಗಂಡು ಲಿಂಗಾಣುವೇ. ಬಹುತೇಕ ಬರೀ ಬಾಲ, ಒಳಗೆ ಮರಿಗೆ ಬೇಕಾದ ಆಹಾರ ಏನೂ ಇಲ್ಲ. ಹಾಗಾಗಿ ಅನೈಸೋಗಮಿಯಲ್ಲಿ ಅಳೆಯಬೇಕಾದದ್ದು ಉದ್ದವನ್ನಲ್ಲ, ಒಳಗಿನ ಸರಕನ್ನು.

ಕಾರಣಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಇದೇ. ಅಂಡಾಣು ಬುತ್ತಿ ಕಟ್ಟಿಕೊಂಡು ಹೊರಟ ಕೋಶ. ಹುಟ್ಟುವ ಜೀವ ತಾನೇ ಆಹಾರ ಮಾಡಿಕೊಳ್ಳುವವರೆಗೆ ಆ ಬುತ್ತಿಯಲ್ಲೇ ಬದುಕಬೇಕು. ಬುತ್ತಿ ದೊಡ್ಡದಾದಷ್ಟು ಯುಗ್ಮಜ ಬದುಕುವ ಅವಕಾಶ ಜಾಸ್ತಿ. ಆದರೆ ಒಂದು ಜೀವಿಯ ಬಳಿ ಇರುವ ಹಿಟ್ಟು ಇಷ್ಟೇ. ಬುತ್ತಿ ದೊಡ್ಡದು ಮಾಡಿದರೆ ಎಣಿಕೆ ಕಡಿಮೆ ಆಗುತ್ತದೆ. ಎಣಿಕೆ ಹೆಚ್ಚಿಸಿದರೆ ಬುತ್ತಿ ಸಣ್ಣದಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಮಗಳಿಗೆ ಕಾಗದ ಪೆನ್ನು ಕೊಡಿ. ಪ್ರತಿ ಜೀವಿಗೂ 100 ಅಳತೆ ಸರಕು ಇದೆ ಎನ್ನಿ. ಒಂದು ಜೀವಿ 1 ಅಳತೆಯ 100 ಲಿಂಗಾಣು ಮಾಡುತ್ತದೆ. ಇನ್ನೊಂದು 5 ಅಳತೆಯ 20. ಮತ್ತೊಂದು 10 ಅಳತೆಯ 10. ಯುಗ್ಮಜ ಬದುಕಬೇಕಾದರೆ ಒಟ್ಟು 10 ಅಳತೆಯಾದರೂ ಬೇಕು. ಈಗ ನೋಡಿ. ಎರಡು ನಡುವಿನವು ಕೂಡಿದರೆ 10, ಬದುಕುತ್ತದೆ. ಎಲ್ಲರೂ ನಡುವಿನವರೇ ಆಗಿದ್ದರೆ ಒಳ್ಳೆಯದೇ. ಆದರೆ ಗುಂಪಿನಲ್ಲಿ ಸಣ್ಣದು ಮಾಡುವವರೂ ದೊಡ್ಡದು ಮಾಡುವವರೂ ಸ್ವಲ್ಪ ಇದ್ದಾರೆ. ಸಣ್ಣದು ದೊಡ್ಡದಕ್ಕೆ ಸಿಕ್ಕರೆ 11, ಬದುಕುತ್ತದೆ. ಸಣ್ಣವು ನೂರು ನೂರರಂತೆ ಹರಡುವುದರಿಂದ ದೊಡ್ಡವುಗಳನ್ನು ಮೊದಲು ಮುಟ್ಟುವುದು ಅವೇ. ಹೀಗೆ ಸಣ್ಣವುಗಳ ಎಣಿಕೆ ಏರುತ್ತದೆ. ಏರಿದ ಮೇಲೆ ನಡುವಿನವಕ್ಕೆ ಸಿಗುವ ಜೋಡಿಯೂ ಹೆಚ್ಚಾಗಿ ಸಣ್ಣದೇ. 5ಕ್ಕೆ 1 ಸೇರಿದರೆ 6. ಸಾಲದು, ಸಾಯುತ್ತದೆ. ಸಣ್ಣದು ಸಣ್ಣದು ಕೂಡಿದರೆ 2, ಅದೂ ಸಾಯುತ್ತದೆ. ಆದರೆ ಒಂದು ಸಣ್ಣದು ಸತ್ತರೆ ಅದನ್ನು ಮಾಡಿದ ಜೀವಿಗೆ ಆದ ನಷ್ಟ ಒಂದೇ ಅಳತೆ. ಕೊನೆಗೆ ಉಳಿಯುವವು ಎರಡೇ ಬಗೆ: ತುಂಬ ಸಣ್ಣವು, ತುಂಬ ದೊಡ್ಡವು. ನಡುವಿನವು ಕರಗಿಹೋಗುತ್ತವೆ. ಸಣ್ಣದನ್ನು ಮಾಡುವವನು ಗಂಡು, ದೊಡ್ಡದನ್ನು ಮಾಡುವವಳು ಹೆಣ್ಣು. ಜೀವಶಾಸ್ತ್ರದಲ್ಲಿ ಗಂಡು, ಹೆಣ್ಣು ಎಂಬುದರ ವ್ಯಾಖ್ಯೆಯೇ ಇದು. ಮೀಸೆ, ಕೊಂಬು, ಗರಿ, ಬಲ ಯಾವುದೂ ವ್ಯಾಖ್ಯೆಯಲ್ಲಿ ಇಲ್ಲ.

ಈ ವಿಚಾರದ ಬೀಜ 1932ರಲ್ಲಿ ಕಾಲ್ಮಸ್ ಬರೆದದ್ದರಲ್ಲಿದೆ. ಗಟ್ಟಿಯಾಗಿ ಗಣಿತದಲ್ಲಿ ಕಟ್ಟಿದವರು ಪಾರ್ಕರ್, ಬೇಕರ್, ಸ್ಮಿತ್, 1972ರಲ್ಲಿ. ಬೇರೆ ವಿವರಣೆಗಳೂ ಇವೆ. ಎರಡು ಕಡೆಯ ಮೈಟೊಕಾಂಡ್ರಿಯಗಳು (ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳು) ಒಂದೇ ಕೋಶದಲ್ಲಿ ಪೈಪೋಟಿಗೆ ಬೀಳದಂತೆ ಒಂದು ಕಡೆಯವನ್ನು ಬಿಟ್ಟುಬಿಡುವುದಕ್ಕೆ ಒಂದು ಲಿಂಗಾಣು ಸಣ್ಣದಾಯಿತು ಎನ್ನುವವರಿದ್ದಾರೆ. ನನಗೆ ಪಾರ್ಕರ್ ವಿವರಣೆ ಹೆಚ್ಚು ಒಪ್ಪಿಗೆ. ದೇಹ ದೊಡ್ಡದಾದ ಪಾಚಿಗಳಲ್ಲೇ ಅಸಮ ಜಾಸ್ತಿ ಎಂಬುದಕ್ಕೂ ಅದು ಹೊಂದುತ್ತದೆ. ದೊಡ್ಡ ದೇಹ ಕಟ್ಟಬೇಕಾದರೆ ದೊಡ್ಡ ಬುತ್ತಿ ಬೇಕು. ಒಂದೇ ಕೋಶದ ಕ್ಲಾಮಿಡೊಮೊನಾಸ್‌ಗೆ ಅದರ ಅಗತ್ಯ ಕಡಿಮೆ.

ಮೈಟೊಕಾಂಡ್ರಿಯದ ಮಾತು ಬಂದದ್ದು ಒಳ್ಳೆಯದಾಯಿತು. ಅನೈಸೋಗಮಿ ಪುಸ್ತಕ ಬಿಟ್ಟು ನಮ್ಮ ಹೊಲಕ್ಕೆ ಇಳಿಯುವುದು ಇಲ್ಲಿಂದ. ಮನುಷ್ಯರ ಅಂಡಾಣುವಿನಲ್ಲಿ ಲಕ್ಷಕ್ಕೂ ಹೆಚ್ಚು ಮೈಟೊಕಾಂಡ್ರಿಯ ಇರುತ್ತವೆ. ವೀರ್ಯಾಣು ತರುವುದು ಹತ್ತಾರು, ಒಳಗೆ ಹೋದ ಮೇಲೆ ಅವನ್ನೂ ಅಂಡಾಣು ನಾಶ ಮಾಡುತ್ತದೆ. ಹಾಗಾಗಿ ನಿಮ್ಮ ಮಗಳ ಮೈಟೊಕಾಂಡ್ರಿಯ ನಿಮ್ಮಿಂದ ಬಂದವು, ನಿಮ್ಮವು ನಿಮ್ಮ ತಾಯಿಯಿಂದ. ಜೋಳ, ತೊಗರಿಯಲ್ಲೂ ಇದೇ ಕಥೆ. ಕೋಶದ ದ್ರವ ಭಾಗ, ಅಂದರೆ ಸೈಟೊಪ್ಲಾಸಂ, ತಾಯಿ ಗಿಡದ ಅಂಡಾಣುವಿನಿಂದ ಬರುತ್ತದೆ. ಪರಾಗ ತರುವುದು ಮುಖ್ಯವಾಗಿ ಕೋಶಕೇಂದ್ರವನ್ನು. ಒಂದು ತಿದ್ದುಪಡಿ: ಪರಾಗದ ಕಣವೇ ಗಂಡು ಲಿಂಗಾಣು ಅಂತ ಬಹಳ ಮಕ್ಕಳು ಬರೆಯುತ್ತಾರೆ. ಅಲ್ಲ. ಲಿಂಗಾಣುಗಳು ಅದರೊಳಗೆ ತಯಾರಾಗುವ ಎರಡು ಪುಟ್ಟ ಕೋಶಗಳು. ಪರಾಗನಾಳ ಅವನ್ನು ಅಂಡಾಣುವಿನ ತನಕ ಮುಟ್ಟಿಸುತ್ತದೆ. ಒಂದು ಅಂಡಾಣುವಿಗೆ ಸೇರುತ್ತದೆ. ಇನ್ನೊಂದು ಸೇರುವ ಕಡೆ ಬೀಜದ ಆಹಾರ ಭಾಗ ಬೆಳೆಯುತ್ತದೆ. ಇದನ್ನು ನವಾಶಿನ್ 1898ರಲ್ಲಿ ಕಂಡುಹಿಡಿದ. ನಾವು ರೊಟ್ಟಿ ತಟ್ಟುವ ಜೋಳದ ಹಿಟ್ಟು ಹೆಚ್ಚಿನಂಶ ಆ ಎರಡನೇ ಸೇರುವಿಕೆಯ ಫಲ.

ಜೋಳದ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಒಟ್ಟಿಗೆ ಇರುತ್ತವೆ, ಹೂವೂ ತುಂಬ ಸಣ್ಣದು. ಹೈಬ್ರಿಡ್ ಬೀಜ ಬೇಕೆಂದರೆ ಒಂದು ಗಿಡದ ಪರಾಗವನ್ನು ಪೂರ್ತಿ ತೆಗೆದು, ಇನ್ನೊಂದರ ಪರಾಗ ಹಾಕಬೇಕು. ಎಕರೆಗಟ್ಟಲೆ ಹೊಲದಲ್ಲಿ ಕೈಯಿಂದ ಇದು ಸಾಧ್ಯವೇ? 1954ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಟೀಫನ್ಸ್ ಮತ್ತು ಹಾಲಂಡ್ ಒಂದು ದಾರಿ ತೋರಿಸಿದರು. ‘ಮೈಲೋ’ ಬಗೆಯ ಜೋಳದ ಸೈಟೊಪ್ಲಾಸಂ ಒಳಗೆ ‘ಕಾಫಿರ್’ ಬಗೆಯ ಕೋಶಕೇಂದ್ರ ಕೂತರೆ ಆ ಗಿಡದಲ್ಲಿ ಪರಾಗ ಫಲಿಸುವುದಿಲ್ಲ. ಅಂಡಾಣು ಮಾತ್ರ ಚೆನ್ನಾಗಿರುತ್ತದೆ. ಈ ಗುಣ ಸೈಟೊಪ್ಲಾಸಂನಲ್ಲಿದೆ, ಸೈಟೊಪ್ಲಾಸಂ ತಾಯಿಯಿಂದಲೇ ಬರುತ್ತದೆ. ಆದ್ದರಿಂದ ಅಂಥ ಗಿಡಕ್ಕೆ ಅದೇ ಕೋಶಕೇಂದ್ರದ, ಪರಾಗ ಚೆನ್ನಾಗಿರುವ ಜೊತೆ ತಳಿಯ ಪರಾಗ ಬಿದ್ದರೆ ಹುಟ್ಟುವ ಎಲ್ಲ ಗಿಡಗಳೂ ಮತ್ತೆ ಪರಾಗ ಫಲಿಸದವೇ. ಹೀಗೆ ತಾಯಿ ಸಾಲನ್ನು ವರ್ಷವರ್ಷ ಉಳಿಸಿಕೊಳ್ಳಬಹುದು. ಬೀಜ ಮಾರುವ ಹೊತ್ತಿಗೆ, ಪರಾಗವನ್ನು ಸರಿಪಡಿಸುವ ಜೀನ್ ಇರುವ ತಂದೆ ತಳಿಯನ್ನು ಪಕ್ಕದ ಸಾಲಿನಲ್ಲಿ ಹಾಕುತ್ತಾರೆ. ರೈತನ ಹೊಲದಲ್ಲಿ ತೆನೆ ತುಂಬುತ್ತದೆ. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಹೀಗೆ ಬಂತು, 1964ರಲ್ಲಿ. ನಮ್ಮ ರೊಟ್ಟಿಯ ಹಿಂಗಾರಿ ಬಿಳಿಜೋಳ ಮಾಲದಂಡಿ ಮಾತ್ರ ಹೈಬ್ರಿಡ್ ಅಲ್ಲ, ಅದು ಆಯ್ದು ಉಳಿಸಿಕೊಂಡ ತಳಿ.

ತೊಗರಿಯಲ್ಲಿ ಈ ದಾರಿ ಬೇಗ ಸಿಗಲಿಲ್ಲ. ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ಹೈಬ್ರಿಡ್ ತೊಗರಿ ಐಸಿಪಿಎಚ್-8 ಬಂದದ್ದು 1991ರಲ್ಲಿ. ಅದರ ಪರಾಗ ಫಲಿಸದ ಗುಣ ಇದ್ದದ್ದು ಕೋಶಕೇಂದ್ರದ ಜೀನಿನಲ್ಲಿ. ಕೋಶಕೇಂದ್ರ ತಂದೆ ತಾಯಿ ಇಬ್ಬರಿಂದಲೂ ಬರುತ್ತದಲ್ಲ? ಹಾಗಾಗಿ ತಾಯಿ ಸಾಲಿನಲ್ಲಿ ಪ್ರತಿಸಲ ಅರ್ಧದಷ್ಟು ಗಿಡ ಪರಾಗ ಇರುವವೇ ಹುಟ್ಟುತ್ತಿದ್ದವು. ಹೂಬಿಡುವಾಗ ಒಂದೊಂದನ್ನೂ ಗುರುತಿಸಿ ಕಿತ್ತು ಹಾಕಬೇಕಿತ್ತು. ಬೀಜ ಮಾಡುವವರಿಗೆ ಇದು ಕಷ್ಟದ, ದುಬಾರಿ ಕೆಲಸ. ಆಮೇಲೆ ತೊಗರಿಯ ಕಾಡುಬಂಧು ಕೆಜಾನಸ್ ಕೆಜಾನಿಫೋಲಿಯಸ್‌ನಿಂದ ಸೈಟೊಪ್ಲಾಸಂ ತಂದು, ಅದರಲ್ಲಿ ನಾಟಿ ತೊಗರಿಯ ಕೋಶಕೇಂದ್ರ ಕೂರಿಸಿದರು. ಆ ಗುಣ ತಾಯಿಯಿಂದ ಮಗಳಿಗೆ ತಪ್ಪದೆ ಇಳಿಯಿತು. ಅದರಿಂದ ಬಂದ ಐಸಿಪಿಎಚ್-2671 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಎರಡು ಹೈಬ್ರಿಡ್‌ಗಳ ನಡುವಿನ ಆ ವರ್ಷಗಳ ಶ್ರಮವನ್ನು ತೊಗರಿಯ ಕಣಜದ ನಾವು ತಿಳಿದಿರಬೇಕು. ಅಂಡಾಣು ದೊಡ್ಡದು, ಗಂಡು ಲಿಂಗಾಣು ಸಣ್ಣದು ಎಂಬ ಒಂದು ಸಂಗತಿಯ ಮೇಲೆ ಒಂದು ಬೀಜೋದ್ಯಮ ನಿಂತಿದೆ.

ಇನ್ನು ಮನೆಯ ಹಿರಿಯರ ಮಾತು. ಅವರಿಗೆ ಗೌರವದಿಂದಲೇ ಹೇಳಿ. ಮಗುವಿಗೆ ತಾಯಿಯಿಂದ 23 ಕ್ರೋಮೋಸೋಮು, ತಂದೆಯಿಂದ 23. ಎಣಿಕೆಯಲ್ಲಿ ಎರಡೂ ಸಮ. ಅಸಮ ಇರುವುದು ಬುತ್ತಿಯಲ್ಲಿ, ಮತ್ತು ಮೈಟೊಕಾಂಡ್ರಿಯದಲ್ಲಿ. ಅಲ್ಲಿ ತಾಯಿಯ ಪಾಲೇ ದೊಡ್ಡದು! ಇದರಿಂದ ಯಾರು ಮೇಲು, ಯಾರು ಕೀಳು ಎಂದು ತೀರ್ಮಾನಿಸಲು ಹೊರಟರೆ ಎರಡು ಕಡೆಗೂ ವಾದ ಮಾಡಬಹುದು, ಎರಡೂ ಸುಮ್ನೆ ವಾದ. ಜೀವಕೋಶದ ಗಾತ್ರದಿಂದ ಮನುಷ್ಯರ ಹಕ್ಕು, ಬುದ್ಧಿ, ಸ್ಥಾನ ಯಾವುದೂ ಹುಟ್ಟುವುದಿಲ್ಲ.

ಗಂಡು ಹೀಗೇ ಇರಬೇಕು, ಹೆಣ್ಣು ಹೀಗೇ ಇರಬೇಕು ಎಂದೂ ಲಿಂಗಾಣು ಹೇಳುವುದಿಲ್ಲ. ಕೆರೆಯ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿ ಇದೆಯಲ್ಲ, ಜಕಾನಾ ಅನ್ನುತ್ತಾರೆ. ಅದರಲ್ಲಿ ಹೆಣ್ಣು ದೊಡ್ಡದು. ಒಂದು ಹೆಣ್ಣು ಹಲವು ಗಂಡುಗಳಿಗೆ ಮೊಟ್ಟೆ ಇಟ್ಟುಕೊಡುತ್ತದೆ. ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಗಂಡು. ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮ ನಿಮಗೆ ದೂರವಲ್ಲ, ಹೋದಾಗ ನೀರ ಮೇಲಿನ ಎಲೆಗಳ ಕಡೆ ಕಣ್ಣಿಡಿ. ಕಡಲುಕುದುರೆ ಮೀನಿನಲ್ಲಿ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವುದು ಗಂಡೇ. ಎರಡರಲ್ಲೂ ದೊಡ್ಡ ಲಿಂಗಾಣು ಹೆಣ್ಣಿನದು, ಸಣ್ಣದು ಗಂಡಿನದು.

ಈ ಮಾತಿಗೆ ವಿಜ್ಞಾನಿಗಳೂ ಎಡವಿದ್ದಾರೆ. 1948ರಲ್ಲಿ ಬೇಟ್‌ಮನ್ ಹಣ್ಣುನೊಣಗಳ ಮೇಲೆ ಪ್ರಯೋಗ ಮಾಡಿದ. ಹೆಚ್ಚು ಜೋಡಿ ಸಿಕ್ಕಷ್ಟು ಗಂಡಿಗೆ ಲಾಭ, ಹೆಣ್ಣಿಗೆ ಅಷ್ಟೇನೂ ಇಲ್ಲ ಎಂದು ಹೇಳಿದ. ಇದನ್ನು ಹಿಡಿದು ‘ಗಂಡು ಚಂಚಲ, ಹೆಣ್ಣು ಸಂಕೋಚ’ ಎಂಬ ಮಾತು ದಶಕಗಳ ಕಾಲ ಪಾಠಗಳಲ್ಲಿ ಓಡಾಡಿತು. 2012ರಲ್ಲಿ ಪೆಟ್ರೀಷಿಯಾ ಗೊವಾಟಿ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ತಂದೆ ತಾಯಿಯರನ್ನು ಗುರುತಿಸಲು ಬೇಟ್‌ಮನ್ ಬಳಸಿದ, ಜೀನ್ ಬದಲಾವಣೆಯಿಂದ ಬಂದ ವಿಕೃತ ಗುಣಗಳಿಂದಲೇ ಎಷ್ಟೋ ಮರಿಗಳು ಸತ್ತು ಲೆಕ್ಕ ತಪ್ಪುತ್ತದೆ ಎಂದು ತೋರಿಸಿದರು. ಲಿಂಗಾಣುವಿನ ಅಸಮದಿಂದ ನಡತೆಗೆ ನೇರ ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ಹಣ್ಣುನೊಣದಲ್ಲೇ ಇಷ್ಟು ಕಷ್ಟ. ಮನುಷ್ಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

ಹಿರಿಯರಿಗೆ ಗೊಂದಲ ಆಗಿರುವುದಕ್ಕೆ ಇನ್ನೊಂದು ಕಾರಣ ಇರಬಹುದು. ಸಮಾಜಶಾಸ್ತ್ರದಲ್ಲೂ ಅನೈಸೋಗಮಿ ಪದ ಇದೆ. ಅಲ್ಲಿ ಅದರ ಅರ್ಥ ಅಂತಸ್ತು ಸಮವಲ್ಲದ ಮನೆತನಗಳ ನಡುವಿನ ಮದುವೆ. ಗ್ರೀಕ್ ಬೇರು ಒಂದೇ, ವಿಷಯ ಪೂರ್ತಿ ಬೇರೆ.

ಕೊನೆಯದಾಗಿ ಪರೀಕ್ಷೆಗೆ ಒಂದು ಎಚ್ಚರಿಕೆ. ನೀಟ್‌ಗೆ ಓದುವ ಮಕ್ಕಳು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ‘ಹೆಟೆರೋಗ್ಯಾಮೀಟುಗಳು’ ಅಂದರೆ ಗಾತ್ರ, ರೂಪ ಬೇರೆಯಾದ ಎರಡು ಲಿಂಗಾಣುಗಳು, ಅಂಡಾಣು ಮತ್ತು ವೀರ್ಯಾಣು. ಅದು ಅನೈಸೋಗಮಿಯ ಮಾತು. ‘ಹೆಟೆರೋಗ್ಯಾಮೆಟಿಕ್’ ಎಂಬುದು ಬೇರೆ. ಅಲ್ಲಿ ಒಂದೇ ಜೀವಿ ಕ್ರೋಮೋಸೋಮಿನಲ್ಲಿ ಭಿನ್ನವಾದ ಎರಡು ಬಗೆಯ ಲಿಂಗಾಣು ಮಾಡುತ್ತದೆ. ಮನುಷ್ಯರಲ್ಲಿ ಗಂಡಸಿನ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಆದ್ದರಿಂದ ಗಂಡು ಹೆಟೆರೋಗ್ಯಾಮೆಟಿಕ್. ಕೋಳಿಯಲ್ಲಿ ಹೆಣ್ಣು ಹೆಟೆರೋಗ್ಯಾಮೆಟಿಕ್, ಅದರ ಅಂಡಾಣುಗಳಲ್ಲೇ ಝಡ್ ಮತ್ತು ಡಬ್ಲ್ಯೂ ಎಂಬ ಎರಡು ಬಗೆ. ಇಲ್ಲಿ ಗಾತ್ರದ ಪ್ರಶ್ನೆಯೇ ಬರುವುದಿಲ್ಲ. ಪ್ರಶ್ನೆಯಲ್ಲಿ ಗಾತ್ರ, ರೂಪದ ಮಾತಿದ್ದರೆ ಅನೈಸೋಗಮಿ ಎಂದು ಬರೆಯಲಿ, ಕ್ರೋಮೋಸೋಮಿನ ಮಾತಿದ್ದರೆ ಹೆಟೆರೋಗ್ಯಾಮೆಟಿಕ್ ಎಂದು.